ಸೂಕ್ಷ್ಮದರ್ಶಕ ಒಯ್ದವರ ಸಹಿ

೧೯೮೩ರ ಮೇ ೧೨, ಬೆಳಗ್ಗೆ ೯.೨೦. ಹೋಬಾರ್ಟ್ ಊರಿನ ಪೊಲೀಸ್ ಠಾಣೆಗೆ ದೂರು ಬಂತು: ಹಳೆಯ ಶವಪರೀಕ್ಷಾ ಭವನದಿಂದ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದು ಕಳುವಾಗಿದೆ. ದೂರು ಕೊಟ್ಟವನು ಆ ಕಟ್ಟಡ ಕೊಂಡು ಹೋಟೆಲು ಮಾಡಹೊರಟಿದ್ದ ಕಾಕ್ಸ್.

ಮರಳುಗಲ್ಲಿನ ಮೆಟ್ಟಿಲು ಹತ್ತುವಾಗ ಇನ್ಸ್‌ಪೆಕ್ಟರ್ ಮರ್ವಿನ್ ಗಾರ್ತ್ ಟೋಪಿ ತೆಗೆದರು. ಕೆಳಗೆ ಶವಾಗಾರ, ಮೇಲೆ ಸಾವಿನ ವಿಚಾರಣೆಯ ಕೋರ್ಟು, ಹಿಂದೆ ೧೯೫೧ರಲ್ಲಿ ಸೇರಿಸಿದ ಪ್ರಯೋಗಾಲಯ. ಊರಲ್ಲಿ ಯಾರು ಹೇಗೆ ಸತ್ತರೆಂದು ಎಪ್ಪತ್ತು ವರ್ಷ ಸುಳ್ಳಿಲ್ಲದೆ ಹೇಳಿದ ಜಾಗ. ಗಾರ್ತ್ ಕೆಲಸ ಕಲಿತದ್ದೂ ಇಲ್ಲೇ, ಆ ಹೆಮ್ಮೆ ಇನ್ನೂ ಇಳಿದಿರಲಿಲ್ಲ.

ಮಹಜರು: ಬೀಗ ಒಡೆದಿಲ್ಲ, ಕಿಟಕಿ ಭದ್ರ.

“ಆ ಸೂಕ್ಷ್ಮದರ್ಶಕಾನ ಏನ್ ಮಾಡ್ಬೇಕು ಅಂತಿದ್ರಿ?” ಗಾರ್ತ್ ಕೇಳಿದರು.

“ವೈರ್ ಎಳೆದು ಲ್ಯಾಂಪ್ ಮಾಡಿ ಬಾರಲ್ಲಿಡ್ತಿದ್ದೆ,” ಎಂದ ಕಾಕ್ಸ್.

ಗಾರ್ತ್ ಅದನ್ನೂ ಪೆನ್ನು ಒತ್ತಿ ಬರೆದುಕೊಂಡರು.

ಕಾನ್‌ಸ್ಟೇಬಲ್ ಲೀರಿ ಬೆರಳಚ್ಚಿನ ಪುಡಿ ತೆಗೆದ.

“ಅದಿರ್ಲಿ, ಸಾಕ್ಷ್ಯದ ರಿಜಿಸ್ಟರ್ ತಗೊಂಬಾ,” ಎಂದರು ಗಾರ್ತ್.

“ಕಳ್ಳ ಸಹಿ ಹಾಕಿ ಹೋಗ್ತಾನಾ, ಸರ್?”

“ಇಲ್ಲಿಯವರಾದ್ರೆ ಹಾಕ್ತಾರೆ.”

ಹೆಸರು, ಸಮಯ ಬರೆಯದೆ ಒಂದು ಕೂದಲೆಳೆಯನ್ನೂ ಅಲ್ಲಿಂದ ಕದಲಿಸುವಂತಿರಲಿಲ್ಲ. ಕೊನೆಯ ಪುಟದಲ್ಲಿತ್ತು: ಮೇ ೧೧, ಮಧ್ಯಾಹ್ನ ೩.೪೦. ಸೂಕ್ಷ್ಮದರ್ಶಕ ಒಂದು. ಒಯ್ದವರು: ಎನಿಡ್ ಟ್ರೆಲೋರ್. ಲೀರಿ ನಕ್ಕುಬಿಟ್ಟ. ಗಾರ್ತ್ ನಗಲಿಲ್ಲ. ಎನಿಡ್ ಅಲ್ಲಿನ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತರಾದವರು, ಗಾರ್ತ್‌ಗೆ ಸಾಕ್ಷ್ಯ ನೋಡುವುದನ್ನು ಕಲಿಸಿದವರು.

೧೧.೧೫ಕ್ಕೆ ಎನಿಡ್ ಮನೆ. ಸೂಕ್ಷ್ಮದರ್ಶಕ ಅಡುಗೆಮನೆಯ ಮೇಜಿನ ಮೇಲೆಯೇ ಇತ್ತು.

“ಬಾ ಮರ್ವ್. ರಿಜಿಸ್ಟರ್ ನೋಡೋಕೆ ಇಷ್ಟೊತ್ತು ಬೇಕಾಯ್ತಾ ನಿಂಗೆ?”

“ಯಾಕೆ ತಂದ್ರಿ?”

“ಐವತ್ತೇಳನೇ ಇಸವೀಲಿ ಬಂದರಿನ ಕೂಲಿಯವನೊಬ್ಬನ ಮೇಲೆ ಕೊಲೆ ಹೊರಿಸಿದ್ರು. ಅವನ ಕೋಟಿನ ಮೇಲಿದ್ದ ಕೂದಲು ಸತ್ತವಳದೇ ಅಂದ್ರು. ನಾಯೀದು ಅಂತ ಇದರಲ್ಲೇ ತೋರಿಸ್ದೆ. ಅವನು ಮನೆಗೆ ಹೋದ. ಇದಕ್ಕೀಗ ಬಲ್ಬ್ ಸಿಕ್ಕಿಸ್ತಾರಂತೆ.”

ಗಾರ್ತ್ ಅವರ ಪೆನ್ನು ತಡೆಯಿತು. ಕಳವು ಎಂದು ಬರೆದರೆ, ಈ ಊರಿನ ಕೋರ್ಟು ಕಣ್ಣುಮುಚ್ಚಿ ನಂಬುತ್ತಿದ್ದ ಹೆಸರಿಗೆ ಎಪ್ಪತ್ತರ ವಯಸ್ಸಿನಲ್ಲಿ ಮಸಿ.

“ಎರವಲು ಒಯ್ದದ್ದು ಅಂತ ಬರೀತೀನಿ. ಕಾಕ್ಸ್‌ನ ನಾನು ನೋಡ್ಕೋತೀನಿ.”

“ಹಳೇ ಕೀಲಿಕೈ ಇನ್ನೂ ನನ್ನ ಹತ್ರ ಇತ್ತು, ತೆಗೆದು ಒಳಗೆ ಹೋದೆ. ಯಾರನ್ನೂ ಕೇಳಿ ತಂದಿಲ್ಲ. ಕಳವು ಅಂತಲೇ ಬರಿ. ನನಗೋಸ್ಕರ ನೀನೊಂದು ಸುಳ್ಳು ಬರೆದ್ರೆ, ಅಲ್ಲಿ ನಾವು ಬರೆದಿದ್ದನ್ನೆಲ್ಲ ಯಾರು ನಂಬ್ತಾರೆ?”

೧೧.೫೦ಕ್ಕೆ ದಸ್ತಗಿರಿ. ಗಾರ್ತ್ ಕಳವು ಎಂದೇ ಬರೆದರು. ಉದ್ದೇಶದ ಕಾಲಮಿನಲ್ಲಿ ಬರೆಯಲು ಅವರಿಗೆ ಒಂದೇ ಪದ ಸಿಕ್ಕಿತು: ಅಭಿಮಾನ. ಎನಿಡ್ ಕನ್ನಡಕ ಏರಿಸಿ ಓದಿದರು. ಏನೂ ತಿದ್ದದೆ ಎದ್ದು ಕೋಟು ಹಾಕಿಕೊಂಡರು.