ಹುಟ್ಟುಗುರುಡಿಯ ಪಾತ್ರ

ಅರ್ಧ ಲಾಸ್ ಏಂಜಲೀಸಿನ ಬಾಯೊಳಗೆ ಕೈ ಹಾಕಿದ ಹಲ್ಲಿನ ಡಾಕ್ಟರು ನಾನು. ಹೇಸಿಗೆ ನನಗೆ ಹೊಸದಲ್ಲ. ಆದರೂ ಆ ಜನವರಿಯ ದಿನ ಕಂಡದ್ದನ್ನು ನೆನೆದರೆ ಇವತ್ತಿಗೂ ಬಾಯಿ ಮುಕ್ಕಳಿಸಬೇಕು ಅನ್ನಿಸುತ್ತದೆ.

ಗೆಳತಿ ಹೆಸ್ಟರ್ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಸಿನಿಮಾ ಸಂಕಲನದ ಕೆಲಸ ಬಿಟ್ಟ ಮೇಲೆ ಅವಳು ಪತ್ತೇದಾರಿಕೆಯಲ್ಲಿ ಹೆಸರಾದವಳು. ಎಂಥಾ ಕೆಟ್ಟ ಸಿನಿಮಾ ಆದರೂ ಕೊನೆಯ ಹೆಸರು ಉರುಳುವವರೆಗೆ ಏಳುವವಳಲ್ಲ. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ನುಗ್ಗಿದಳು ನಟಿ ಲೊರೇನ್. ಎಪ್ಪತ್ತು ದಾಟಿದ ಆಕೆಗೆ 'ಉಪ್ಪುಗಾಳಿ' ಚಿತ್ರದ ಅಜ್ಜಿ ಪಾತ್ರಕ್ಕಾಗಿ ಅಂದು ಬೆಳಿಗ್ಗೆಯಷ್ಟೇ ಬಂಗಾರದ ದೀಪ ಪ್ರಶಸ್ತಿಯ ನಾಮನಿರ್ದೇಶನವಾಗಿತ್ತು. ಜೀವಮಾನದಲ್ಲಿ ಮೊದಲ ಸಲ.

"ನನ್ನ ಹೆಸರು ಕಿತ್ತು ಹಾಕ್ತಾರಂತೆ ಕಣೇ! ಯಾರೋ ನನ್ನ ಫೋನಿಂದ ಇದನ್ನ ಊರಿಗೆಲ್ಲ ಹಾಕಿದಾರೆ. ನಾನು ಬರೆದಿಲ್ಲ, ನಿನ್ನಾಣೆ!"

ಹೆಸ್ಟರ್ ಫೋನ್ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. "'ಬ್ರಿನ್‌ಗೆ ನಾಮನಿರ್ದೇಶನ ಸಿಕ್ಕಿದ್ದು ಊಟ ಬಿಟ್ಟಿದ್ದಕ್ಕೆ. ಇನ್ನೊಬ್ಬಳಿಗೆ ಮೇಣದ ಮೂಗು ಅಂಟಿಸಿಕೊಂಡಿದ್ದಕ್ಕೆ. ನನಗೋ, ಹುಟ್ಟುಗುರುಡಿಯ ಪಾತ್ರ ಸಿಕ್ಕಿತು, ಸಾಕಲ್ಲ! ನಟನೆ ಯಾವನಿಗೆ ಬೇಕು?'"

ನನಗೆ ನಗು ಬಂತು. ಲೊರೇನ್ ಮುಖ ನೋಡಿ ನುಂಗಿಕೊಂಡೆ. ಜೊತೆಗಾರರನ್ನು ಹೀಗಳೆದವರ ಹೆಸರನ್ನು ಕೈಬಿಡಬೇಕೆಂಬುದು ಪ್ರಶಸ್ತಿ ಸಮಿತಿಯ ನಿಯಮ.

"ಫೋನ್ ಯಾರ ಕೈಗೆ ಸಿಗ್ತಿತ್ತು?" ಹೆಸ್ಟರ್ ಕೇಳಿದಳು.

"ಮನೇಲಿದ್ದೋರು ಇಬ್ಬರೇ. ಪ್ರಚಾರ ನೋಡ್ಕೊಳ್ಳೋ ಗ್ಯಾರೆಟ್, ಮತ್ತೆ ಇದೇ ಪ್ರಶಸ್ತಿಗೆ ನನ್ನೆದುರು ನಿಂತಿರೋ ಬ್ರಿನ್. ಅವಳ ಪ್ರಚಾರನೂ ಅವನದೇ. ಬೆಳಗಿನ ಜಾವವೇ ನಮ್ಮಿಬ್ಬರಿಗೂ ಮುಖಕ್ಕೆ ಬಣ್ಣ ಬಳಿಸಿ, ಮಲಗೋ ಬಟ್ಟೆ ತೊಡಿಸಿ, 'ನಿದ್ದೇಲಿದ್ದೆ, ಫೋನ್ ಬಂದು ಎಚ್ಚರಾಯ್ತು' ಅಂತ ಕ್ಯಾಮೆರಾ ಮುಂದೆ ಹೇಳಿಸಿದ."

"ಥೂ!" ಅಂದೆ ನಾನು.

ಮಧ್ಯಾಹ್ನ ಲೊರೇನ್ ಮನೆಯಲ್ಲಿ ಎಲ್ಲರನ್ನೂ ಸೇರಿಸಿದ್ದಾಯಿತು. ಸಮಿತಿಯ ಮುಖ್ಯಸ್ಥ ವಾಸ್ ಕೂಡ ಬಂದು ಸೋಫಾ ತುಂಬ ಕೂತ.

"ಗ್ಯಾರೆಟ್, ಆ ಅಜ್ಜಿ ಪಾತ್ರ ಹೇಗಿದೆ ಹೇಳಪ್ಪ," ಅಂದಳು ಹೆಸ್ಟರ್.

"ಅಬ್ಬಬ್ಬಾ! ಕಣ್ಣಿಲ್ಲದ ಜೀವದ ಆ ಮುಗ್ಧತೆ! ಕೊನೇ ದೃಶ್ಯದಲ್ಲಂತೂ ಕರುಳು ಕಿತ್ತು ಬಂತು."

ಬ್ರಿನ್ ಸಿಡಿದಳು. "ಏನು ಮುಗ್ಧತೆ ರೀ? ಅವಳು ಮಹಾ ಕಳ್ಳಿ! ಕೊನೇಲಿ ಮೊಮ್ಮಗಳ ಕೈಯಿಂದ ಜಾರಿದ ಕಪ್ಪನ್ನ ಗಬಕ್ಕಂತ ಹಿಡೀತಾಳೆ. ಕಣ್ಣು ಚೆನ್ನಾಗೇ ಕಾಣ್ತಿರುತ್ತೆ! ಮಕ್ಕಳ ಬಣ್ಣ ತಿಳಿಯೋಕೆ ಅಷ್ಟು ವರ್ಷ ನಾಟಕ ಆಡಿರ್ತಾಳೆ. ಹೊಟ್ಟೆಕಿಚ್ಚಿಗೆ ಮೂರು ಸಲ ನೋಡಿದೀನಿ, ಮೂರು ಸಲನೂ ಅತ್ತಿದೀನಿ."

ಗ್ಯಾರೆಟ್ ಮುಖ ಸುಣ್ಣದಂತಾಯಿತು.

"ಇಷ್ಟೇ ವಿಷಯ," ಅಂದಳು ಹೆಸ್ಟರ್. "ಬರೆದೋರು ಹುಟ್ಟುಗುರುಡಿ ಅಂದಿದಾರೆ. ಲೊರೇನ್ ಹಾಗೆ ಬರೆಯೋಲ್ಲ, ಪಾತ್ರ ಮಾಡಿದ್ದೇ ಅವಳು. ಬ್ರಿನ್‌ಗೂ ಗುಟ್ಟು ಗೊತ್ತು, ಅವಳೇ ಬರೆದಿದ್ರೆ ಈಗ ಅದನ್ನ ಹೀಗೆ ಒದರ್ತಿರಲಿಲ್ಲ. ಫೋನ್ ಸಿಕ್ಕೋರಲ್ಲಿ ಸಿನಿಮಾ ಕೊನೆವರೆಗೂ ನೋಡದೋನು ನೀನೊಬ್ಬನೇ. ಆರು ತಿಂಗಳಿಂದ ಅದನ್ನೇ ಹೊಗಳಿ ತಿಂದ ಮಹಾಶಯ!"

"ನೋಡೋಕೆ ಯಾರಿಗಿದೆ ಪುರುಸೊತ್ತು?" ಗ್ಯಾರೆಟ್ ಭುಜ ಕುಣಿಸಿದ. "ಇವಳ ಹೆಸರು ಹೋದ್ರೆ ಬ್ರಿನ್ ಗೆಲ್ತಾಳೆ. ಅವಳಿಗಿನ್ನೂ ಮೂವತ್ತು ವರ್ಷ ದುಡಿಮೆ ಇದೆ. ಈ ಮುದುಕಿಗೆ?"

ಅಷ್ಟು ನಿರಾಳವಾಗಿ ಅಂದ, ನೀಚ! ಬ್ರಿನ್ ಅವನ ಕೋಟು ಹಿಡಿದೆಳೆದು ಬಾಗಿಲಾಚೆ ನೂಕಿದಳು. "ಇನ್ನು ನನ್ನ ಹೆಸರೂ ಎತ್ತಬೇಡ, ತೊಲಗು!"

ವಾಸ್ ಗಂಟಲು ಸರಿಮಾಡಿಕೊಂಡ. "ನಿಮ್ಮ ಹೆಸರು ಉಳೀತು ಮೇಡಂ. ನಾನೇ ನಿಮಗೆ ವೋಟು ಹಾಕಿದೀನಿ."

"ಅಜ್ಜಿಗೆ ಕಣ್ಣು ಕಾಣುತ್ತೆ ಅಂತ ನಿಮಗೆ ಗೊತ್ತಿತ್ತಾ?" ಲೊರೇನ್ ಕೇಳಿದಳು.

ವಾಸ್ ಕಿಟಕಿ ನೋಡಿದ.

ಲೊರೇನ್ ಕದ ಹಾಕಿದಳು, ಪರದೆ ಎಳೆದಳು, ಸಿನಿಮಾ ಹಚ್ಚಿದಳು. ಕೊನೆಯಲ್ಲಿ ಕಪ್ ಜಾರಿದಾಗ ಬ್ರಿನ್ ನಾಲ್ಕನೇ ಸಲ ಅತ್ತಳು, ಲೊರೇನ್ ಕೈ ಹಿಡಿದುಕೊಂಡು. ವಾಸ್ ಆಗಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಸಿಟ್ಟು ತಡೆಯದೆ ಅವನನ್ನು ಅಲುಗಿಸಲು ಎದ್ದೆ.

"ಎಬ್ಬಿಸ್ಬೇಡಿ ಡಾಕ್ಟ್ರೇ," ಅಂದಳು ಲೊರೇನ್. "ನನಗೆ ಗೊತ್ತಿರೋ ವೋಟು ಅದೊಂದೇ."