ಹದಿನೇಳು ಗೈರುಹಾಜರಿ

ನವೆಂಬರ್ ಹತ್ತು, ಸೋಮವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ತಿಪಟೂರಿನ ಪೊಲೀಸ್ ಠಾಣೆಗೆ ತಂದೆ ಮಗಳಿಬ್ಬರು ದೂರು ಕೊಡಲು ಬಂದರು. ತಂದೆ ರಹಮತುಲ್ಲಾ, ಪೇಟೆಯಲ್ಲಿ ಮೂವತ್ತು ವರ್ಷದಿಂದ ಟೈಲರ್. ಮಗಳು ಆಸ್ಫಿಯಾ ಆಫ್ರಿಕಾದ ಮೊಜಾಂಬಿಕ್ ದೇಶದಲ್ಲಿ ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವವಳು. ರಜೆಯ ಮೇಲೆ ಊರಿಗೆ ಬಂದಿದ್ದಳು.

"ಏನು ಕಳುವಾಗಿದೆ?" ಸಬ್ ಇನ್‌ಸ್ಪೆಕ್ಟರ್ ಇಂಪನಾ ಕೇಳಿದಳು.

"ಹಾಜರಿ ಪುಸ್ತಕ. ಕೂಲಿಯವರು ದಿನಾ ಹೆಬ್ಬೆಟ್ಟು ಒತ್ತುವಂಥದ್ದು."

ಇಂಪನಾ ಪೆನ್ನು ಕೆಳಗಿಟ್ಟಳು. ಈ ಠಾಣೆಗೆ ಬಂದ ಎರಡು ವರ್ಷದಲ್ಲಿ ಅವಳು ಬೈಕು, ಪಂಪ್‌ಸೆಟ್ಟು, ಕೊಬ್ಬರಿ ಚೀಲ, ಕ್ರಯಪತ್ರ ಕಳುವಾದ ದೂರುಗಳನ್ನು ಬರೆದುಕೊಂಡಿದ್ದಳು. ಹಾಜರಿ ಪುಸ್ತಕ ಇದೇ ಮೊದಲು.

ಆಸ್ಫಿಯಾ ವಿವರಿಸಿದಳು. ಮೊಜಾಂಬಿಕ್‌ನ ಉತ್ತರದ ಕಡಲ ತೀರದಲ್ಲೂ ತೆಂಗು ಬೆಳೆಯುತ್ತದೆ. ಅಲ್ಲಿನ ಒಂದು ಕೊಬ್ಬರಿ ಕಾರ್ಖಾನೆಯವರು ಕೆಲಸ ಬಲ್ಲವರು ಬೇಕೆಂದು ಇಲ್ಲೇ ಹತ್ತಿರದ ಹಾಲ್ಕುರಿಕೆಯ ಶಂಭುಲಿಂಗಯ್ಯನನ್ನು ಸೂಪರ್‌ವೈಸರ್ ಆಗಿ ಕರೆಸಿಕೊಂಡಿದ್ದರು. ನಾಲ್ಕು ವರ್ಷದ ಹಿಂದೆ ಬಂಡುಕೋರರು ಆ ಊರಿಗೆ ನುಗ್ಗಿದಾಗ ಕಂಪನಿಯವರು ದೋಣಿ ಹತ್ತಿ ತಪ್ಪಿಸಿಕೊಂಡರು. ಗೋದಾಮಿನಲ್ಲಿದ್ದ ಹದಿನೇಳು ಕೂಲಿಗಳು ಹಿಂದೆ ಉಳಿದರು, ಸತ್ತರು. ಕಂಪನಿ ಮಾತ್ರ ಅವರು ಆ ದಿನ ಕೆಲಸಕ್ಕೇ ಬಂದಿರಲಿಲ್ಲ ಎಂದು ಹೇಳಿಬಿಟ್ಟಿತು. ಗೈರುಹಾಜರಿ.

"ಅಲ್ಲಿ ಆ ದಿನ ಗೈರುಹಾಜರಿ ಅಂದ್ರೆ ಏನರ್ಥ ಗೊತ್ತಾ ಮೇಡಂ?" ಆಸ್ಫಿಯಾಳ ಸ್ವರ ಗಟ್ಟಿಯಾಯಿತು. "ಬಂಡುಕೋರರ ಜೊತೆ ಸೇರ್ಕೊಂಡ ಅಂತ. ಹೆಂಡ್ತೀರಿಗೆ ಮರಣಪತ್ರ ಸಿಕ್ಕಿಲ್ಲ. ನೀರು ತರೋಕೆ ಹೋದ್ರೆ ಊರೋರು ಕಲ್ಲು ಹೊಡೀತಾರೆ. ಮಕ್ಕಳನ್ನ ಕೊಲೆಗಾರರ ಮಕ್ಕಳು ಅಂತಾರೆ. ಒಡೆದುಹೋಗಿರೋ ಆ ಊರನ್ನ ಮತ್ತೆ ಕೂಡಿಸೋದು ನಮ್ಮ ಕೆಲಸ. ಈ ಹದಿನೇಳು ಜನ ಎಲ್ಲಿ ಸತ್ರು ಅಂತ ತೋರಿಸದೆ ಅದು ಆಗಲ್ಲ."

"ಪುಸ್ತಕದ ಫೋಟೋ ತೆಗೆದಿಲ್ವಾ?"

"ತೆಗೆದಿದೀನಿ. ಆ ದಿನದ ಪುಟದಲ್ಲಿ ಹದಿನೇಳು ಹೆಬ್ಬೆಟ್ಟಿನ ಮೇಲೂ ಕೆಂಪು ಶಾಯಿ ಬಳಿದಿದಾರೆ. ಫೋಟೋದಲ್ಲಿ ಕೆಂಪು ಬಿಟ್ರೆ ಏನೂ ಕಾಣಲ್ಲ. ಅಸಲು ಇದ್ರೆ ತಜ್ಞರು ಕೆಳಗಿನ ಗುರುತು ಓದ್ತಾರೆ. ಅಲ್ಲಿ ವಿಚಾರಣಾ ಆಯೋಗ ಕೂತಿದೆ. ಶುಕ್ರವಾರ ನನ್ನ ವಿಮಾನ."

"ಪುಸ್ತಕ ನಿಮಗೆ ಹೇಗೆ ಸಿಕ್ತು?"

"ಶಂಭುಲಿಂಗಯ್ಯನವರೇ ಕೊಟ್ಟರು. ದೋಣಿ ಹತ್ತಿದಾಗಿನಿಂದ ಅವರ ಹತ್ರಾನೇ ಇತ್ತು. ಐದನೇ ತಾರೀಕು. ಮೂರು ಸಲ ಇಲ್ಲ ಅಂದಿದ್ರು. ನಾಲ್ಕನೇ ಸಲ ಹೋದಾಗ ಮಾತಾಡದೆ ತಂದು ಕೈಗಿಟ್ಟರು. ಶಾಯಿ ಬಳಿದಿದ್ದು ನಾನೇ ಅಂದರು."

ಪುಸ್ತಕವನ್ನು ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಅಂಗಡಿಯ ಕಪಾಟಿನಲ್ಲಿ ಇಟ್ಟಿದ್ದರು. ಶನಿವಾರ ಬೆಳಿಗ್ಗೆ ಇತ್ತು, ಭಾನುವಾರ ಇರಲಿಲ್ಲ. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಇಂಪನಾ ಎಫ್‌ಐಆರ್ ದಾಖಲಿಸಿದಳು: ಕಟ್ಟಡದೊಳಗಿನ ಕಳವು.

ಒಂದು ಗಂಟೆಗೆ ಹೆಡ್ ಕಾನ್‌ಸ್ಟೆಬಲ್ ಶ್ರೀರಂಗಯ್ಯನೊಂದಿಗೆ ಅಂಗಡಿಗೆ ಹೋಗಿ ಸ್ಥಳ ಪಂಚನಾಮೆ ಮುಗಿಸಿದಳು. ಬೀಗ ಒಡೆದಿರಲಿಲ್ಲ, ಷಟರಿಗೆ ಗೀರು ಬಿದ್ದಿರಲಿಲ್ಲ. ಕಪಾಟು ಇದ್ದದ್ದು ಹೆಂಗಸರ ಅಳತೆ ತೆಗೆಯುವ ಪರದೆಯ ಒಳಗೆ. ಅಲ್ಲಿ ಕೆಲಸ ಮಾಡುವವರು ರಹಮತುಲ್ಲಾನ ಹೆಂಡತಿ ಸರ್ವರಿ ಬೇಗಂ. ಎದುರಿನ ಕೊಬ್ಬರಿ ಮಂಡಿಯ ಕ್ಯಾಮೆರಾ ನೋಡಿದರೆ, ಶನಿವಾರ ಹರಾಜಿನ ದಿನವಾದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಬರೀ ಲಾರಿಯ ಪಕ್ಕೆ ಕಾಣುತ್ತಿತ್ತು.

"ಪುಸ್ತಕ ಕೊಟ್ಟೋನೇ ವಾಪಸ್ ಎತ್ಕೊಂಡು ಹೋಗವ್ನೆ ಮೇಡಂ," ಎಂದ ಶ್ರೀರಂಗಯ್ಯ. "ಕೊಟ್ಮೇಲೆ ಭಯ ಬಿದ್ದಿರ್ತದೆ."

ಇಂಪನಾಗೂ ಹಾಗೇ ಅನ್ನಿಸಿತ್ತು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಜೀಪು ಹಾಲ್ಕುರಿಕೆಯ ತೋಟದ ಮನೆಯ ಮುಂದೆ ನಿಂತಿತು. ಶಂಭುಲಿಂಗಯ್ಯನಿಗೆ ಅರವತ್ತರ ಹತ್ತಿರ. ಹಣೆಯಲ್ಲಿ ವಿಭೂತಿ, ಗುಂಡಿ ಹಾಕಿದ ಬಿಳಿ ಅಂಗಿ.

"ಪುಸ್ತಕ ಕಳುವಾಗಿದೆ," ಎಂದಳು ಇಂಪನಾ, ಅವನ ಮುಖವನ್ನೇ ನೋಡುತ್ತ.

ಆತ ಜಗುಲಿಯ ಕಂಬ ಹಿಡಿದುಕೊಂಡ. "ಹೋಯ್ತಾ?"

"ಶನಿವಾರ ಎಲ್ಲಿದ್ರಿ?"

"ತೋಟದಲ್ಲಿ. ಕಾಯಿ ಕೆಡವಿಸ್ತಿದ್ದೆ."

"ತಿಪಟೂರಿಗೆ ಬರಲಿಲ್ವಾ?"

"ಇಲ್ಲ. ಬೇಕಾದ್ರೆ ಆಳುಗಳನ್ನ ಕೇಳಿ." ಕಂಬದಿಂದ ಕೈ ತೆಗೆದು, "ಅದನ್ನ ಕೊಟ್ಟ ದಿನ ಊಟ ರುಚಿ ಹತ್ತಿತ್ತು ಮೇಡಂ. ನಾಲ್ಕು ವರ್ಷ ಆಗಿತ್ತು," ಎಂದ.

"ಶಾಯಿ ಬಳಿ ಅಂತ ಹೇಳಿದ್ದು ಯಾರು?"

"ಮ್ಯಾನೇಜರು. ಬಳಿದ್ರೆ ದೋಣೀಲಿ ಜಾಗ ಅಂದ. ಬಳಿದೆ."

"ಬೇರೆ ಯಾರನ್ನೂ ಕೇಳಲಿಲ್ವಾ?"

ಆತ ಇಲ್ಲವೆಂದು ತಲೆ ಅಲ್ಲಾಡಿಸಿದ. ಅಷ್ಟು ಹೊತ್ತಿಗೆ ಹೆಂಡತಿ ಶಿವರುದ್ರಮ್ಮ ಮಜ್ಜಿಗೆ ತಂದಳು. ಲೋಟ ಕೊಡುವಾಗ ಅವಳ ಸೆರಗು ಎಡಭುಜದಿಂದ ಎರಡು ಸಲ ಜಾರಿತು. ಎರಡು ಸಲವೂ ಮೇಲೆಳೆದುಕೊಂಡಳು.

"ನೀವು ಶನಿವಾರ ಎಲ್ಲಿದ್ರಿ ಅಮ್ಮ?"

"ಮಠಕ್ಕೆ ಹೋಗಿದ್ದೆ ಕಣವ್ವ." ಅಷ್ಟೆಂದು ಒಳಗೆ ಹೋದಳು.

ಕಾಯಿ ಕೆಡವುವ ಚಿಕ್ಕಣ್ಣ ಪಕ್ಕದ ತೋಟದಲ್ಲಿಯೇ ಸಿಕ್ಕ. ಶನಿವಾರ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೂ ಯಜಮಾನರು ಮರದ ಬುಡದಲ್ಲೇ ಇದ್ದರು ಎಂದ. ಶ್ರೀರಂಗಯ್ಯನ ಮುಖ ಸಪ್ಪಗಾಯಿತು. ವಾಪಸಾಗುವಾಗ ಇಂಪನಾ ದಿನ ಎಣಿಸಿದಳು. ಶುಕ್ರವಾರಕ್ಕೆ ಉಳಿದದ್ದು ಮೂರು ದಿನ. ಪುಸ್ತಕ ಸುಡಲು ಐದು ನಿಮಿಷ ಸಾಕು.

ಮಧ್ಯಾಹ್ನ ಎರಡೂವರೆಗೆ ಸರ್ವರಿ ಬೇಗಂ ತಾವಾಗಿಯೇ ಠಾಣೆಗೆ ಬಂದರು. ಕೈಯಲ್ಲಿ ಅಳತೆ ಪುಸ್ತಕ, ಹಸಿರು ಬಣ್ಣದ ಒಂದು ರವಿಕೆ ಕಣ.

"ಶನಿವಾರ ಹನ್ನೊಂದು ಜನ ಅಳತೆ ಕೊಟ್ಟವ್ರೆ ಬೇಟಾ. ಹತ್ತು ಜನ ನಂಗೆ ಗೊತ್ತು. ಈ ಕಣ ಕೊಟ್ಟೋಳು ಒಬ್ಬಳೇ ಹೊಸಬಳು. ಗೌರಮ್ಮ, ಹೊನ್ನವಳ್ಳಿ ಅಂದ್ಲು. ಫೋನ್ ಮಾಡಿದ್ರೆ ಆ ನಂಬರೇ ಇಲ್ಲ."

"ಪರದೆ ಒಳಗೆ ಒಬ್ಬಳನ್ನೇ ಬಿಟ್ಟು ಹೊರಗೆ ಬಂದಿದ್ರಾ?"

"ನೀರು ಕೇಳಿದ್ಲು. ಹಿಂದಿನ ಮನೆಗೆ ಹೋಗಿ ತಂದೆ."

"ಮುಖ ನೆನಪಿದೆಯಾ?"

"ದಿನಕ್ಕೆ ಎಷ್ಟೋ ಮುಖ. ಸೆರಗು ಹೊದ್ಕೊಂಡಿದ್ಲು. ಮೈ ನೆನಪಿದೆ." ಸರ್ವರಿ ಬೇಗಂ ಬೆರಳಿಟ್ಟು ಒಂದು ಸಾಲು ತೋರಿಸಿದರು. "ಎಡಭುಜ ಬಲಕ್ಕಿಂತ ಮುಕ್ಕಾಲು ಇಂಚು ತಗ್ಗು. ಅಂಥೋರಿಗೆ ಸೆರಗು ನಿಲ್ಲಲ್ಲ. ಒಳಗೊಂದು ಪಟ್ಟಿ ಕೊಡಬೇಕು ಅಂತ ಬರ್ಕೊಂಡಿದ್ದೆ."

"ಅಳತೆ ಹಿಡ್ಕೊಂಡು ಹೆಂಗಸರನ್ನೆಲ್ಲ ಹುಡುಕೋಕಾಯ್ತದಾ ಮೇಡಂ?" ಶ್ರೀರಂಗಯ್ಯ ಗೊಣಗಿದ.

ಇಂಪನಾ ಎದ್ದು ನಿಂತಿದ್ದಳು. ಎರಡು ಸಲ ಜಾರಿದ ಸೆರಗು ಅವಳ ಕಣ್ಣಿಗೆ ಕಟ್ಟಿತ್ತು. "ಎಲ್ಲರನ್ನೂ ಬೇಡ. ಒಬ್ಬರನ್ನ ಸಾಕು."

ಆದರೂ ಅವಳು ಆತುರಪಡಲಿಲ್ಲ. ಮಠದಲ್ಲಿ ವಿಚಾರಿಸಲು ಒಬ್ಬನನ್ನು ಕಳಿಸಿದಳು. ಶನಿವಾರ ಶಿವರುದ್ರಮ್ಮ ಅತ್ತ ಬಂದೇ ಇರಲಿಲ್ಲ. ಬೆಳಿಗ್ಗೆ ಹತ್ತರ ಬಸ್ಸಿನ ಕಂಡಕ್ಟರು ಅವಳು ತಿಪಟೂರಿಗೆ ಟಿಕೆಟ್ ಪಡೆದದ್ದನ್ನು ನೆನಪಿಸಿಕೊಂಡ. ಹಾಲ್ಕುರಿಕೆ ಸರಹದ್ದಿನ ಠಾಣೆಗೆ ಮಾಹಿತಿ ಹೋಯಿತು. ಮಹಿಳಾ ಕಾನ್‌ಸ್ಟೆಬಲ್ ನಿಂಗಮ್ಮನಿಗೆ ಬೆಳಿಗ್ಗೆ ಆರಕ್ಕೆ ಬರಲು ಹೇಳಿದಳು.

ಬುಧವಾರ, ಹನ್ನೆರಡನೇ ತಾರೀಕು, ಬೆಳಿಗ್ಗೆ ಏಳು ಹತ್ತು. ಜೀಪು ತೋಟದ ದಾರಿಗೆ ತಿರುಗಿದಾಗಲೇ ಮನೆಯ ಹಿಂದಿನಿಂದ ದಟ್ಟ ಹೊಗೆ ಏಳುತ್ತಿರುವುದು ಕಂಡಿತು. ಇಂಪನಾ ಜೀಪು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದಳು. ಬಚ್ಚಲು ಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಶಿವರುದ್ರಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಇಂಪನಾ ಅವಳನ್ನು ಪಕ್ಕಕ್ಕೆ ಸರಿಸಿ, ಉರಿಯುತ್ತಿದ್ದ ಮಟ್ಟೆಯನ್ನು ಕೋಲಿನಿಂದ ಹೊರಗೆಳೆದಳು. ಕಿಡಿ ಹಾರಿ ಪ್ಯಾಂಟಿನ ಮೇಲೆ ಬಿತ್ತು. ಮಟ್ಟೆ, ಕರಟ, ಒಣಗರಿ. ಬೂದಿಯಲ್ಲಿ ಅಂಗೈಯಗಲ ಸುಟ್ಟ ಲೈನಿಂಗ್ ಬಟ್ಟೆ.

ಇಂಪನಾ ಅವಳ ಕಡೆ ತಿರುಗಿದಳು. "ಪುಸ್ತಕ ಎಲ್ಲಿ?"

ಶಿವರುದ್ರಮ್ಮ ಬೂದಿಯನ್ನೇ ನೋಡುತ್ತಿದ್ದಳು.

"ಅಮ್ಮ, ಪುಸ್ತಕ ಎಲ್ಲಿ?"

"ಬಟ್ಟೆ ಸುಟ್ಟೆ. ಪುಸ್ತಕ ಸುಡೋಕಾಗ್ಲಿಲ್ಲ ಕಣವ್ವ." ಅವಳು ನಿಧಾನವಾಗಿ ಎದ್ದಳು. "ನಾಕು ದಿನದಿಂದ ಒಲೆ ಮುಂದೆ ತಂದು ತಂದು ಕೂತೀನಿ. ನಂಗೆ ಆ ಅಕ್ಷರ ಓದಾಕ್ ಬರಲ್ಲ. ಆದ್ರೆ ಪುಟಪುಟಕ್ಕೂ ಹೆಬ್ಬೆಟ್ಟು. ನಮ್ಮವ್ವನೂ ಹೆಬ್ಬೆಟ್ಟೇ ಒತ್ತುತಾ ಇದ್ಲು. ಒಲೆಗೆ ಹಾಕಾಕೆ ಕೈ ಬರ್ಲಿಲ್ಲ."

ಏಳು ಐವತ್ತಕ್ಕೆ ನೆರೆಯ ಗಂಗಕ್ಕ ಮತ್ತು ಚಿಕ್ಕಣ್ಣ ಪಂಚರಾಗಿ ಬಂದರು. ನಿಂಗಮ್ಮ ಮೊಬೈಲಿನಲ್ಲಿ ವಿಡಿಯೊ ಹಿಡಿದಳು. ಉಂಡೆ ಕೊಬ್ಬರಿಗೆಂದು ಕಾಯಿ ತುಂಬಿದ್ದ ಅಟ್ಟಕ್ಕೆ ಶಿವರುದ್ರಮ್ಮ ತಾನೇ ಏಣಿ ಹಾಕಿ ಕೊಟ್ಟಳು. ಮೂಲೆಯ ಕಾಯಿಗಳನ್ನು ಸರಿಸಿದಾಗ ಉದ್ದನೆಯ ಪುಸ್ತಕ ಸಿಕ್ಕಿತು. ಹಾಳೆ ಹರಿದಿರಲಿಲ್ಲ. ಇಂಪನಾ ಆ ದಿನದ ಪುಟ ತೆರೆದು ನೋಡಿದಳು. ಕೆಂಪು ಶಾಯಿಯ ಹದಿನೇಳು ಮಚ್ಚೆ, ಒಂದರ ಕೆಳಗೊಂದು. ಪ್ರತಿದಿನ ಬೆಳಿಗ್ಗೆ ಠಾಣೆಯಲ್ಲಿ ಅವಳೂ ಹಾಜರಿ ಕೂಗುತ್ತಿದ್ದಳು. ಒಂದು ಹೆಸರಿಗೆ ಉತ್ತರ ಬರದಿದ್ದರೆ ಇನ್ನೊಂದು ಸಲ ಕೂಗುತ್ತಿದ್ದಳು. ಪುಟವನ್ನು ಹೆಚ್ಚು ಹೊತ್ತು ನೋಡಲು ಆಗಲಿಲ್ಲ.

ಶಂಭುಲಿಂಗಯ್ಯ ಅಂಗಳದಲ್ಲಿ ನಿಂತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ ಎಂಬುದು ಅವನು ಹೆಂಡತಿಯನ್ನು ನೋಡುತ್ತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. "ನೀನೇನೇ?" ಎಂದು ಮಾತ್ರ ಕೇಳಿದ.

ಒಂಬತ್ತು ಹತ್ತಕ್ಕೆ ಕಾರಣಗಳನ್ನು ಬರಹದಲ್ಲಿ ತಿಳಿಸಿ ಶಿವರುದ್ರಮ್ಮನನ್ನು ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲಿ ಸರ್ವರಿ ಬೇಗಂ ಟೇಪು ತೆಗೆಯುವ ಗೋಜಿಗೆ ಹೋಗಲಿಲ್ಲ. ಹಿಂದಿನಿಂದ ಒಮ್ಮೆ ನೋಡಿ, "ಇವಳೇ," ಎಂದರು. ಆಮೇಲೆ ತಾವೇ ಹೋಗಿ ಅವಳಿಗೆ ನೀರು ತಂದುಕೊಟ್ಟರು.

"ಗಂಡನ ಕೈಬರಹ ಅದರಲ್ಲಿದೆ, ಅವರು ಜೈಲಿಗೆ ಹೋಗ್ತಾರೆ ಅಂತ ಕದ್ರಾ?" ಇಂಪನಾ ಕೇಳಿದಳು.

"ಅದೂ ಒಂದು."

"ಇನ್ನೊಂದು ಏನು?"

ಶಿವರುದ್ರಮ್ಮ ಬಾಗಿಲಿನ ಕಡೆ ನೋಡಿದಳು. ನಿಂಗಮ್ಮ ಬಾಗಿಲು ಓರೆ ಮಾಡಿದಳು.

"ಅವತ್ತು ಇವರು ಫೋನ್ ಮಾಡಿದ್ರು. ಹಿಂದೆ ಗುಂಡಿನ ಸದ್ದು. ದೋಣಿ ಹತ್ಬೇಕಂದ್ರೆ ಪುಸ್ತಕ ತಿದ್ದು ಅಂತಾವ್ರೆ ಕಣೇ, ಒಳಗೆ ಹದಿನೇಳು ಜನ ಅವ್ರೆ, ಇನ್ನೂ ಜೀವಂತ ಅವ್ರೆ, ಏನ್ ಮಾಡ್ಲಿ ಅಂದ್ರು. ಇವರು ಕೂಗ್ತಾ ಇದ್ರು ತಾಯಿ, ಅಳ್ತಾ ಇದ್ರು." ಅವಳು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದಳು. "ನಾನಂದೆ, ಅವರು ಹೇಳ್ದಂಗೆ ಮಾಡ್ಬುಟ್ಟು ಬಂದ್ಬುಡ್ರೀ, ಆ ಜನ ನಮಗೇನಾಗ್ಬೇಕು ಅಂತ. ಆ ಹುಡುಗಿ ಮನೆಗೆ ಬಂದು ಆ ಹೆಂಗಸರ ಕತೆ ಹೇಳುವಾಗ ನಾನು ಬಾಗಿಲ ಹಿಂದೆ ನಿಂತು ಕೇಳ್ದೆ. ಅಷ್ಟೂ ಕೇಳ್ದೆ. ಪುಸ್ತಕಾನ ಅಪ್ಪನ ಅಂಗಡಿ ಕಪಾಟಲ್ಲಿ ಇಡ್ತೀನಿ ಅಂದದ್ದೂ ಕೇಳ್ದೆ. ಆ ಪುಸ್ತಕ ಅಲ್ಲಿಗೆ ಹೋದ್ರೆ ನನ್ನ ಮಾತೂ ಹೋಗ್ತದೆ ಅನ್ನಿಸ್ತು."

ಪೊಲೀಸರ ಮುಂದೆ ಒಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬುದು ಇಂಪನಾಗೆ ಗೊತ್ತಿತ್ತು. ಆದರೂ ಒಂದು ಪದ ಬಿಡದೆ ಬರೆದುಕೊಂಡಳು.

ಬುಧವಾರ ಸಂಜೆಯೇ ಹಾಜರುಪಡಿಸಿದ್ದ ಶಿವರುದ್ರಮ್ಮನಿಗೆ ಗುರುವಾರ ಮಧ್ಯಾಹ್ನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಪ್ರತಿ ಪುಟದ ದೃಢೀಕೃತ ನಕಲು ಇಟ್ಟುಕೊಂಡು, ಮುಚ್ಚಳಿಕೆ ಬರೆಸಿಕೊಂಡು ಅಸಲು ಪುಸ್ತಕವನ್ನು ಆಸ್ಫಿಯಾಳ ವಶಕ್ಕೆ ಕೊಡಲು ಆದೇಶವಾಯಿತು. ನಾಲ್ಕು ಗಂಟೆಗೆ ಎಲ್ಲರೂ ನ್ಯಾಯಾಲಯದ ಜಗುಲಿಯಲ್ಲಿದ್ದರು. ಆಸ್ಫಿಯಾ ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದಳು.

"ಆಯೋಗದವರು ವಿಡಿಯೊದಲ್ಲಿ ನಿಮ್ಮ ಹೇಳಿಕೆ ಕೇಳ್ತಾರೆ," ಎಂದಳು ಶಂಭುಲಿಂಗಯ್ಯನಿಗೆ.

"ಹೇಳ್ತೀನಮ್ಮ."

"ನಾನೂ ಹೇಳ್ತೀನಿ," ಎಂದಳು ಶಿವರುದ್ರಮ್ಮ.

ಶಂಭುಲಿಂಗಯ್ಯ ಅವಳ ಕಡೆ ತಿರುಗಿದ. "ಆ ಫೋನಿನ ಮಾತು ಪೊಲೀಸ್ನೋರಿಗೆ ಯಾಕೆ ಹೇಳ್ದೆ? ನಾನು ಯಾರಿಗೂ ಹೇಳಿರ್ಲಿಲ್ಲ. ಈ ಹುಡುಗಿ ಕೇಳ್ದಾಗ್ಲೂ ಹೇಳಿರ್ಲಿಲ್ಲ."

"ಗೊತ್ತು ಕಣ್ರೀ. ಒಬ್ರೇ ಹೊತ್ಕೊಂಡಿದ್ರಿ. ಅದಕ್ಕೇ ಹೇಳ್ದೆ."

ಇಂಪನಾ ಟೋಪಿ ಎತ್ತಿಕೊಂಡು ಜೀಪಿನ ಕಡೆ ನಡೆದಳು. ತಿರುಗಿ ನೋಡಿದಾಗ ಆಸ್ಫಿಯಾ ಆ ಇಬ್ಬರ ನಡುವೆ ಬೆಂಚಿನ ಮೇಲೆ ಕೂತು, ಶಿವರುದ್ರಮ್ಮನ ಪೂರ್ತಿ ಹೆಸರನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.