ಮೂರು ಮಂಗಳವಾರದ ಪ್ರಕಟಣೆ

ಒಂದು ಮೈಕ್ರೋಫಿಲ್ಮ್ ರೀಲು ತರಿಸಲು ನಾಲ್ಕೂವರೆ ಡಾಲರ್. ಬಸ್ಸಿಗೆ ಹೋಗಿ ಬರಲು ನಾಲ್ಕು. ಮೆಷಿನ್ ಕಾಫಿಗೆ ಎಪ್ಪತ್ತೈದು ಸೆಂಟು. ಇಂಗ್ಲೆಂಡಿನ ಹಳೇ ಚರ್ಚ್ ದಾಖಲೆಗಳಲ್ಲಿ ಮುತ್ತಜ್ಜನನ್ನು ಹುಡುಕುವವರು ಇಷ್ಟಕ್ಕೆ ತಯಾರಾಗಿ ಬರಬೇಕು. 1997ರಲ್ಲಿ ಎಟೋಬಿಕೋಕ್‌ನ ವಂಶಾವಳಿ ಕೇಂದ್ರವೊಂದರ ಬೇಸ್‌ಮೆಂಟಿನಲ್ಲಿ ಆ ದುಡ್ಡು ತೆಗೆದುಕೊಂಡು ರಸೀದಿ ಹರಿದುಕೊಡುತ್ತಿದ್ದವಳು ನಾನು.

ಆಗಸ್ಟ್‌ನ ಒಂದು ಮಂಗಳವಾರ ಸಂಜೆ ಬಂದವರು ಫಾರಂನಲ್ಲಿ ಎಡ್ವಿನ್ ಪೆನ್ರೋಸ್ ಎಂದು ಬರೆದರು. ಜೇನುಬಣ್ಣದ ಕಣ್ಣು, ಅರೆನರೆತ ಮೀಸೆ. ನಾನು ಇಂಗ್ಲಿಷಿನಲ್ಲಿ ರೇಟು ಹೇಳಿದೆ. ಪರ್ಸು ತಡಕುತ್ತಾ ಅವರು ಗೊಣಗಿದರು, "ಈಯಮ್ಮ ಒಂದು ಸೆಂಟೂ ಬಿಡೋ ಹಂಗೆ ಕಾಣಲ್ಲಪ್ಪ."

"ಬಿಡಲ್ಲ," ಎಂದೆ. "ಕಾಲು ಡಾಲರ್ ಕಮ್ಮಿ ಇದೆ, ಕೊಡಿ."

ಅವರ ಕಿವಿಗಳೆರಡೂ ಕೆಂಪಾದವು. "ಅಯ್ಯೋ, ಕನ್ನಡದೋರಾ ನೀವು?"

"ಮೈಸೂರು. ಶೈಲಜಾ ಅಂತ. ತಾವು?"

"ಕೆಜಿಎಫ್. ಮುತ್ತಜ್ಜ ಗಣಿ ಕೆಲಸಕ್ಕೆ ಇಂಗ್ಲೆಂಡಿಂದ ಬಂದೋರು. ಅಮ್ಮ ಕೋಲಾರದೋರು. ಅದಕ್ಕೇ ಹೆಸರು ಹಂಗೆ, ಗೊಣಗೋದು ಹಿಂಗೆ."

ನಗು ತಡೆಯಲು ನಾನು ರಸೀದಿ ಪುಸ್ತಕಕ್ಕೆ ಮುಖ ಬಗ್ಗಿಸಬೇಕಾಯಿತು.

ಮುತ್ತಜ್ಜನ ಹೆಸರು ಜಾನ್. ಅವನ ತಂದೆ ವಿಲಿಯಂ, ತಾಯಿ ಗ್ರೇಸ್, ಕಾರ್ನ್‌ವಾಲಿನವರು. ವಿಲಿಯಂನ ಹಳ್ಳಿ ಯಾವುದೆಂದು ಎಡ್ವಿನ್‌ಗೆ ಗೊತ್ತಿತ್ತು, ಜಾನ್ ಹುಟ್ಟಿದ್ದೆಲ್ಲಿ ಎಂಬುದು ಗೊತ್ತಿರಲಿಲ್ಲ. ವಿಲಿಯಂನ ಹಳ್ಳಿಯ, ಅದರ ಸುತ್ತಮುತ್ತಲಿನ ಹಳ್ಳಿಗಳ ರೀಲುಗಳನ್ನು ಒಂದೊಂದಾಗಿ ತರಿಸಿದರು. ಅವರು ರೀಲು ಓದುವ ಯಂತ್ರದ ಹಿಡಿಕೆ ತಿರುಗಿಸುವುದು, ನಾನು ಪಾದ್ರಿಗಳ ಕಾಗೆಕಾಲಿನಂಥ ಅಕ್ಷರ ಬಿಡಿಸಿ ಓದುವುದು. ಒಂದೇ ಸ್ಕ್ರೀನು, ಎರಡು ತಲೆ. ನಾನು ತರುತ್ತಿದ್ದ ಕೋಡುಬಳೆ ಮುರಿಯುವ ಸದ್ದಿಗೆ ಪಕ್ಕದ ಯಂತ್ರದ ಮುದುಕಿ ಗುರಾಯಿಸಿದರೆ ಇಬ್ಬರೂ ಶಾಲಾಮಕ್ಕಳಂತೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆವು.

ಸೆಪ್ಟೆಂಬರಿನಲ್ಲಿ ಅವರು ಮನೆಯ ಹಳೇ ಬೈಬಲ್ ತಂದರು. ಮೊದಲ ಪುಟದಲ್ಲಿ, ಮಗಳು ಗ್ರೇಸ್‌ಗೆ ಮದುವೆಯ ದಿನ ಅಮ್ಮನಿಂದ ಎಂದಿತ್ತು. ಕೆಳಗೆ ಬೇರೆಯೇ ಹಳ್ಳಿಯ ಹೆಸರು. ನನಗೆ ತಟ್ಟನೆ ಹೊಳೆಯಿತು. ಜಾನ್ ಚೊಚ್ಚಲ ಮಗ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ಎಲ್ಲಿಗೆ ಹೋಗುತ್ತಾಳೆ?

ಆದರೆ ಬಾಯಿ ಬಿಡಲಿಲ್ಲ. ಸಿಕ್ಕಿಬಿಟ್ಟರೆ ಇವರು ಮತ್ತೆ ಬರುವುದಾದರೂ ಏಕೆ? ನನಗೆ ಮೂವತ್ತೊಂಬತ್ತು. ಥಾರ್ನ್‌ಕ್ಲಿಫ್ ಪಾರ್ಕಿನ ಒಂಟಿ ಫ್ಲ್ಯಾಟಿನಲ್ಲಿ ಹನ್ನೊಂದು ವರ್ಷದಿಂದ ಎಲ್ಲ ದಿನವೂ ಒಂದೇ ಆಗಿದ್ದವಳು ಈಗ ಮಂಗಳವಾರಕ್ಕೆಂದೇ ಒಂದು ನೀಲಿ ಸ್ವೆಟರ್ ಎತ್ತಿಟ್ಟಿದ್ದೆ.

ಮೂರು ವಾರ ಸುಮ್ಮನಿದ್ದೆ. ಅಷ್ಟರಲ್ಲಿ ಅವರು ಇನ್ನೂ ಮೂರು ರೀಲಿಗೆ ದುಡ್ಡು ಕಟ್ಟಿದರು.

ನಾಲ್ಕನೇ ವಾರ ಅವರು ಕೋಡುಬಳೆ ಮುಟ್ಟಲಿಲ್ಲ. "ಅಪ್ಪಂಗೆ ಹುಷಾರಿಲ್ಲ ಕಣ್ರೀ. ಅವರ ತಾತ ಜಾನ್ ಹುಟ್ಟಿದ ಊರು ಸಿಕ್ತೇನೋ ಅಂತ ದಿನಾ ಕೇಳ್ತಾರೆ. ದಿನಾ ಇಲ್ಲ ಅಂತೀನಿ."

ನಾನು ಹೊಸ ಫಾರಂ ಅವರ ಮುಂದಿಟ್ಟೆ. "ಎಡ್ವಿನ್, ಗ್ರೇಸ್ ಅಮ್ಮನ ಹಳ್ಳಿ ರೀಲು ತರಿಸಿ."

"ಅಲ್ಲೇನಿರತ್ತೆ?"

"ನೀವು ಹುಟ್ಟಿದ್ದೆಲ್ಲಿ?"

"ಕೋಲಾರ. ಅಜ್ಜಿ ಮನೇಲಿ..." ಅವರ ಬಾಯಿ ತೆರೆದೇ ಉಳಿಯಿತು. "ತವರು!"

ರೀಲು ಬಂದದ್ದು ನವೆಂಬರಿನಲ್ಲಿ. ಹಿಡಿಕೆ ತಿರುಗಿತು, ಪುಟಗಳು ಓಡಿದವು. "ನಿಲ್ಸಿ!" ಎಂದು ನಾನೇ ಕೂಗಿದೆ. 1861, ಜಾನ್‌ನ ದೀಕ್ಷಾಸ್ನಾನ, ತಂದೆ ವಿಲಿಯಂ, ತಾಯಿ ಗ್ರೇಸ್. ಇನ್ನೂ ಹಿಂದಕ್ಕೆ ಹೋದರೆ ಅವರ ಮದುವೆ. ಗ್ರೇಸ್ ದುಂಡಗೆ ಸಹಿ ಹಾಕಿದ್ದಳು. ವಿಲಿಯಂನದು ಬರೀ ಒಂದು ಅಡ್ಡಗೀಟಿನ ಗುರುತು.

"ನಿಮ್ಮೋರಿಗೆ ಸಹಿನೂ ಬರಲ್ಲ," ಎಂದು ಕೆಣಕಿದೆ.

"ಬರೋಳನ್ನ ಕಟ್ಕೊಂಡ್ರಲ್ಲ, ಅದೇ ಜಾಣತನ." ಅವರು ನನ್ನ ಕೈ ಹಿಡಿದಿದ್ದರು. ಯಾವಾಗ ಹಿಡಿದರೋ ಇಬ್ಬರಿಗೂ ಗೊತ್ತಿರಲಿಲ್ಲ.

ಹೊರಗಿನ ಫೋನಿನಿಂದ ಅಪ್ಪನಿಗೆ ಊರಿನ ಹೆಸರು ಹೇಳಿ ಬಂದರು. ಮುದುಕರು ಎರಡು ಸಲ ಹೇಳಿಸಿಕೊಂಡರಂತೆ.

ನಾನು ರೀಲನ್ನು ಡಬ್ಬಿಗೆ ಹಾಕಿದೆ. "ಹಾಗಾದ್ರೆ ಮುಗೀತು."

ಎಡ್ವಿನ್ ಎದ್ದು ನಿಂತರು. ಖಾಲಿ ಕುರ್ಚಿಗಳ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡು ಪಾದ್ರಿಯ ದನಿ ತೆಗೆದರು. "ಎಟೋಬಿಕೋಕ್‌ನ ಎಡ್ವಿನ್‌ಗೂ ಥಾರ್ನ್‌ಕ್ಲಿಫ್ ಪಾರ್ಕಿನ ಶೈಲಜಾಗೂ ವಿವಾಹ ನಡೆಯಬೇಕೆಂದಿದೆ. ಅಡ್ಡಿ ಇರುವವರು ಹೇಳಬಹುದು. ಇದು ಮೊದಲನೇ ಸಾರಿ." ಆಮೇಲೆ ನನ್ನ ಕಡೆ ಬಗ್ಗಿ, "ಮದುವೆಗೆ ಮುಂಚೆ ನಮ್ ಚರ್ಚಲ್ಲಿ ಮೂರು ಭಾನುವಾರ ಹೀಗೆ ಕೂಗ್ತಾರೆ. ನಿಮ್ಮ ಶಿಫ್ಟು ಮಂಗಳವಾರ. ಏನ್ಮಾಡೋದು?" ಎಂದರು.

ಮುಂದಿನ ಮಂಗಳವಾರ ಎರಡನೇ ಸಾರಿ ಕೂಗಿದರು. ಗುರಾಯಿಸುವ ಮುದುಕಿ ಒಂದಕ್ಷರ ತಿಳಿಯದೆಯೂ ತಲೆಯಾಡಿಸಿದಳು. ನನಗೆ ಮಾತ್ರ ವಾರವೆಲ್ಲ ನಿದ್ದೆ ಬರಲಿಲ್ಲ.

ಮೂರನೇ ಮಂಗಳವಾರ ಅವರು ಕೂಗಿ ಮುಗಿಸುವಷ್ಟರಲ್ಲಿ ನಾನೇ ಎದ್ದೆ. "ಅಡ್ಡಿ ಇದೆ."

ಅವರ ಮುಖ ಬಿಳಿಚಿತು. ನಾನು ಎಲ್ಲವನ್ನೂ ಹೇಳಿದೆ: ಬೈಬಲ್, ತವರು, ಬಾಯಿ ಮುಚ್ಚಿಕೊಂಡಿದ್ದ ಮೂರು ವಾರ. "ನೀವು ಬರೋದು ನಿಂತುಹೋಗತ್ತೆ ಅಂತ ಭಯ ಆಯ್ತು."

ಅವರು ಕುರ್ಚಿ ಎಳೆದು ಕುಳಿತರು. "ರೀಲಿನ ದುಡ್ಡು ಹೋಗ್ಲಿ ಬಿಡಿ. ಕಾದಿದ್ದು ಅಪ್ಪ. ಅವರ ಹತ್ರ ನೀವೇ ಹೇಳ್ಬೇಕು. ಭಾನುವಾರ ಊಟಕ್ಕೆ ಬನ್ನಿ."

ಭಾನುವಾರ ಅವರ ಅಪ್ಪನ ಹಾಸಿಗೆಯ ಪಕ್ಕ ಕುಳಿತು ಹೇಳಿದೆ. ಮುದುಕರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಒಂದೇ ಕಣ್ಣು ತೆರೆದರು. "ಸಹಿ ಹಾಕಕ್ಕೆ ಬರತ್ತೇನಮ್ಮ?"

"ಬರತ್ತೆ."

"ಮತ್ತಿನ್ನೇನು, ಹಾಕು ಹೋಗು."

ಫೆಬ್ರವರಿಯಲ್ಲಿ ರಿಜಿಸ್ಟರ್ ಮದುವೆಯಾದೆವು. ಮಾರ್ಚಿನಲ್ಲಿ ಮಾವ ಹೋದರು, ತಾತ ಹುಟ್ಟಿದ ಊರು ತಿಳಿದುಕೊಂಡೇ ಹೋದರು. ಮೂರು ರೀಲಿನ ದುಡ್ಡು ಹದಿಮೂರೂವರೆ ಡಾಲರನ್ನು ಎಡ್ವಿನ್‌ಗೆ ಹಿಂದಿರುಗಿಸಿದೆ. ಮಾವನ ಆ ಮೂರು ವಾರವನ್ನು ಹಿಂದಿರುಗಿಸಲು ಆಗಲಿಲ್ಲ. ನನಗೆ ಎಡ್ವಿನ್ ಸಿಕ್ಕರು.